ಸೋತು ಸೋತು ಎಸ್‌ಡಿಎಂಸಿ ಗೆದ್ದವರು

ಮುಳಬಾಗಿಲು ಕಡೆಯ ಒಂದು ಸರ್ಕಾರಿ ಶಾಲೆಯ ಎಸ್‌ಡಿಎಂಸಿಗೆ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗೆ, ಹೊಸದಾಗಿ ಅಧ್ಯಕ್ಷರಾದವರ ಮೆರವಣಿಗೆಯ ವಿಡಿಯೋ ನೀವೂ ನೋಡಿರ್ತೀರಿ. ವಾಟ್ಸಾಪ್‌ನಲ್ಲಿ ಯಾರಿಗೆ ಬಂದಿಲ್ಲ ಹೇಳಿ. ತಮಟೆ, ಪಟಾಕಿ, ಸೇಬಿನ ಹಾರ. ಟೊಮೆಟೊ ರೇಟು ನೆಲ ಕಚ್ಚಿ ಜನ ಕ್ರೇಟುಗಟ್ಟಲೆ ರಸ್ತೆ ಬದಿಗೆ ಸುರಿಯುತ್ತಿದ್ದ ವಾರ ಅದು. ಟೊಮೆಟೊ ಹಾರವನ್ನೇ ಹಾಕಿದ್ದರೆ ಊರಿನ ರೈತನಿಗೆ ನಾಲ್ಕು ಕಾಸಾದರೂ ಸಿಗುತ್ತಿತ್ತು. ಆದರೆ ಗೆದ್ದವರ ಕೊರಳಿಗೆ ಟೊಮೆಟೊ ಹಾಕೋಕಾಗುತ್ತಾ? ಅದು ಸೋತಾಗ ಬೇಕಾಗುತ್ತದೆ.

ಆಡಿಕೊಳ್ಳೋದು ಸುಲಭ. ಅವರ ಚುನಾವಣಾ ಚರಿತ್ರೆ ನೋಡಿದರೆ ಕೈ ಮುಗಿಯಬೇಕು ಅನಿಸುತ್ತದೆ. 2015ರಲ್ಲಿ ಗ್ರಾಮ ಪಂಚಾಯಿತಿಗೆ ನಿಂತರು, ಸೋತರು. 2016ರಲ್ಲಿ ತಾಲ್ಲೂಕು ಪಂಚಾಯಿತಿಗೆ ನಿಂತರು, ಠೇವಣಿಯೂ ಹೋಯಿತು. ಆಮೇಲೆ ಸೊಸೈಟಿ, ಆಮೇಲೆ ಹಾಲಿನ ಡೈರಿ. ಡೈರಿ ಎಲೆಕ್ಷನ್‌ನಲ್ಲಿ ಸ್ವಂತ ಚಿಕ್ಕಪ್ಪನೇ ಕೈ ಕೊಟ್ಟ ಅಂತ ಇವತ್ತಿಗೂ ಎರಡು ಮನೆಗೂ ಮಾತಿಲ್ಲ, ಹಾಲು ಹಾಕೋಕೆ ಬಂದಾಗಲೂ ಒಬ್ಬರ ಕ್ಯಾನ್ ಒಬ್ಬರು ಮುಟ್ಟೋದಿಲ್ಲ. 2020ರ ಡಿಸೆಂಬರ್‌ನಲ್ಲಿ ಮತ್ತೆ ಪಂಚಾಯಿತಿ, ಮತ್ತೆ ಸೋಲು. ಗ್ರಾಮ ಪಂಚಾಯಿತಿಗೆ ಪಕ್ಷದ ಚಿಹ್ನೆ ಇರಲ್ಲವಲ್ಲ, ಹಾಗಾಗಿ ಪಾರ್ಟಿಯನ್ನು ಬಯ್ಯುವ ಸುಖವೂ ಇಲ್ಲ. 'ಆಟೋ ಗುರುತು ಸಿಕ್ಕಿದ್ದರೆ ಗೆಲ್ತಿದ್ದೆ ಕಣಣ್ಣ, ಹೊಲಿಗೆ ಮಷಿನ್ ಕೊಟ್ಟು ಕೆಡಿಸಿಬಿಟ್ರು' ಅಂತ ಟೀ ಅಂಗಡಿಯಲ್ಲಿ ಹೇಳಿಕೊಂಡು ಓಡಾಡಿದರು.

ಇಂಥವರು ಶಾಲೆಯ ಗೇಟಿಗೆ ಯಾಕೆ ಬಂದರು ಅಂದರೆ, ಬೇರೆ ಎಲ್ಲಿಗೆ ಹೋಗಬೇಕು? ತಾಲ್ಲೂಕು ಪಂಚಾಯಿತಿ, ಜಿಲ್ಲಾ ಪಂಚಾಯಿತಿಗೆ 2016ರಲ್ಲಿ ಓಟು ಹಾಕಿದೆವು, 2021ರಲ್ಲಿ ಅವಧಿ ಮುಗಿಯಿತು. ಆಮೇಲೆ ಕ್ಷೇತ್ರ ವಿಂಗಡಣೆ, ಮೀಸಲಾತಿ, ಕೋರ್ಟು ಅಂತ ವರ್ಷಗಟ್ಟಲೆ ತಳ್ಳಿಕೊಂಡು ಬಂದರು. ಬಿಳಿ ಪಂಚೆ ಬಿಳಿ ಶರ್ಟು ಇಸ್ತ್ರಿ ಮಾಡಿಸಿಟ್ಟುಕೊಂಡು ಕಾದವರು ಊರಿಗೆ ಹತ್ತು ಜನ ಇದ್ದಾರೆ. ಅವರೂ ಎಲ್ಲಾದರೂ ನಿಲ್ಲಬೇಕಲ್ಲ.

ಕುರುಡುಮಲೆ ಗಣಪನಿಗೆ ಪೂಜೆ ಮಾಡಿಸಿಯೇ ಇವರು ಎಸ್‌ಡಿಎಂಸಿಗೆ ಇಳಿದರಂತೆ. ನಗಬೇಡಿ. 1999ರಲ್ಲಿ ಎಸ್.ಎಂ. ಕೃಷ್ಣ ಪಾಂಚಜನ್ಯ ಯಾತ್ರೆ ಶುರು ಮಾಡಿದ್ದು ಅಲ್ಲಿಂದಲೇ, ಮುಖ್ಯಮಂತ್ರಿ ಆದರು. ಅವತ್ತಿನಿಂದ ಎಲ್ಲ ಪಾರ್ಟಿಯವರೂ ಅಲ್ಲಿಗೇ ಬರುತ್ತಾರೆ. ಎದುರಾಳಿಗಳಿಬ್ಬರೂ ಒಂದೇ ದಿನ ತೆಂಗಿನಕಾಯಿ ಒಡೆದರೆ ಗಣಪ ಏನು ಮಾಡಬೇಕು ಅಂತ ಯಾರೂ ಯೋಚಿಸಿಲ್ಲ. ಹದಿಮೂರು ಅಡಿ ಎತ್ತರದ ದೇವರು, ಕಿವಿ ದೊಡ್ಡವೇ, ಒಂದು ಪಾರ್ಟಿಗೆ ಒಂದು ಕಿವಿ ಕೊಡಬಹುದು, ಮೂರನೆಯವರು ಬಂದರೆ ಕಷ್ಟ. ಇನ್ನೊಂದು ತಮಾಷೆ ಏನಂದ್ರೆ ಈ ಎಸ್‌ಡಿಎಂಸಿ ಅನ್ನೋದನ್ನು 2001ರಲ್ಲಿ ತಂದಿದ್ದೂ ಅದೇ ಕೃಷ್ಣ ಸರ್ಕಾರ, ರಾಜಾ ರಾಮಣ್ಣನವರ ಶಿಕ್ಷಣ ಕಾರ್ಯಪಡೆಯ ಮಾತು ಕೇಳಿ. ನಮ್ಮ ತುಮಕೂರು ಜಿಲ್ಲೆಯಲ್ಲಿ ಹುಟ್ಟಿದ, 1974ರ ಪೋಖ್ರಾನ್ ಪರೀಕ್ಷೆ ನಡೆಸಿದ ವಿಜ್ಞಾನಿ ಅವರು. ಅಣುಬಾಂಬ್ ಸಿಡಿಸಿದವರು ಕೊಟ್ಟ ಸಲಹೆಗೆ ನಮ್ಮವರು ಸಾವಿರದ ಸರ ಹಚ್ಚಿದರು.

ಒಂದು ಸಣ್ಣ ತೊಡಕಿತ್ತು. ಅಧ್ಯಕ್ಷ ಆಗಬೇಕಾದರೆ ಆ ಶಾಲೆಯಲ್ಲಿ ಓದುವ ಮಗುವಿನ ಅಪ್ಪನೋ ಅಮ್ಮನೋ ಪೋಷಕರೋ ಆಗಿರಬೇಕು. ಇವರ ಮಕ್ಕಳಿಬ್ಬರೂ ಹಳದಿ ಬಸ್ ಹತ್ತಿ ಕಾನ್ವೆಂಟಿಗೆ ಹೋಗೋರು. ಸರಿ, ದೊಡ್ಡವಳ ಟೀಸಿ ತಂದು ಸರ್ಕಾರಿ ಶಾಲೆಗೆ ಸೇರಿಸಿದರು. ಆರನೇ ಕ್ಲಾಸಿನ ಹುಡುಗಿ, ಅಪ್ಪನ ರಾಜಕೀಯಕ್ಕೆ ಯೂನಿಫಾರ್ಮ್ ಬದಲಾಯಿಸಿದಳು. ಚಿಕ್ಕವನು ಈಗಲೂ ಹಳದಿ ಬಸ್ಸಿನಲ್ಲೇ ಹೋಗ್ತಾನೆ. ಅವನ ಟೀಸಿಯನ್ನು ಮುಂದಿನ ಅವಧಿಗೆ ಇಟ್ಟುಕೊಂಡಿರಬಹುದು.

ಬ್ಯಾನರ್ ವಿಷಯ ಬಿಡೋ ಹಾಗಿಲ್ಲ. ಒಂದು ತುದಿಯನ್ನು ನುಗ್ಗೆ ಮರಕ್ಕೆ, ಇನ್ನೊಂದು ತುದಿಯನ್ನು ಮಕ್ಕಳು ಊಟದ ತಟ್ಟೆ ತೊಳೆಯುವ ನಲ್ಲಿಯ ಪೈಪಿಗೆ ಕಟ್ಟಿದ್ದಾರೆ. ಶಾಲೆಯ ಹೆಸರು ಪೂರ್ತಿ ಮುಚ್ಚಿದೆ. ಶುಭ ಕೋರುವವರ ಮುಖಗಳು ಒಂದನೇ ಕ್ಲಾಸಿನ ಮಕ್ಕಳಿಗಿಂತ ಜಾಸ್ತಿ ಇವೆ, ಅರ್ಧ ಜನ ಕೂಲಿಂಗ್ ಗ್ಲಾಸ್ ಹಾಕಿದ್ದಾರೆ. ಹೆಂಗಸರ ಮುಖ ಒಂದೂ ಇಲ್ಲ. ಸಮಿತಿಯಲ್ಲಿ ಅರ್ಧ ಹೆಂಗಸರೇ ಇರಬೇಕು ಅಂತ 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ. ಇದ್ದಾರೆ, ಪುಸ್ತಕದಲ್ಲಿ ಇದ್ದಾರೆ. ಮೀಟಿಂಗ್ ಇಡೋದು ಬೆಳಗ್ಗೆ ಹನ್ನೊಂದಕ್ಕೆ. ಆ ಹೊತ್ತಿಗೆ ಅವರು ಟೊಮೆಟೊ ಕೀಳೋಕೆ ಕೂಲಿಗೆ ಹೋಗಿರ್ತಾರೆ. ಒಂದು ದಿನದ ಕೂಲಿ ಬಿಟ್ಟು ಬಂದು ಯಾರದೋ ಭಾಷಣ ಕೇಳಬೇಕಾ? ಸಂಜೆ ಪುಸ್ತಕವೇ ಮನೆಗೆ ಬರುತ್ತದೆ, 'ಇಲ್ಲೊಂದು ಸಹಿ ಹಾಕಮ್ಮ'. ಏನಕ್ಕೆ ಅಂತ ಕೇಳಿದರೆ 'ಮಾಮೂಲಿ' ಅಂತಾರೆ.

ಇಲ್ಲಿ ನನಗೆ ನಗು ಬರಲ್ಲ. ಶಾಲೆಗೆ ಬಂದ ದುಡ್ಡು ಏನಾಯ್ತು, ಮೇಷ್ಟ್ರು ಯಾಕೆ ಬಂದಿಲ್ಲ, ಊಟ ಹೇಗಿದೆ ಅಂತ ಕೇಳುವ ಹಕ್ಕನ್ನು ಆ ಕೂಲಿ ಹೆಂಗಸರಿಗೇ ಬರೆದುಕೊಟ್ಟಿದ್ದರು. ಎಂಎಲ್‌ಎಯನ್ನು ಕಾಯಬೇಕಿರಲಿಲ್ಲ, ಬಿಇಒ ಆಫೀಸಿನ ಬಾಗಿಲಲ್ಲಿ ನಿಲ್ಲಬೇಕಿರಲಿಲ್ಲ. ಅದನ್ನೂ ಕಿತ್ತುಕೊಂಡು ವಿಸಿಟಿಂಗ್ ಕಾರ್ಡ್ ಮಾಡಿಕೊಂಡರು. ಹುಡುಗಿಯರ ಶೌಚಾಲಯದಲ್ಲಿ ನೀರಿಲ್ಲ. ದೊಡ್ಡ ಹುಡುಗಿಯರು ಮಧ್ಯಾಹ್ನ ಮನೆಗೆ ಹೋದರೆ ವಾಪಸ್ ಬರಲ್ಲ. ಅಧ್ಯಕ್ಷರ ಮಗಳೂ ಬರಲ್ಲ.

ಮೋಟಾರ್ ಸುಟ್ಟು ತಿಂಗಳಾಯಿತು. ಕೊನೆಗೂ ರಿಪೇರಿಗೆ ಠರಾವು ಆಯಿತು, ಚೆಕ್ಕಿಗೆ ಹೆಡ್‌ಮಾಸ್ಟ್ರು ಸಹಿಯೂ ಹಾಕಿದರು. ಇನ್ನೊಂದು ಸಹಿ ಅಧ್ಯಕ್ಷರದ್ದು. ಫೋನ್ ಮಾಡಿದರೆ ಹಿಂದಿನಿಂದ ತಮಟೆ ಸದ್ದು. ಡೈರಿ ಎಲೆಕ್ಷನ್ ಮತ್ತೆ ಬಂದಿದೆಯಂತೆ, ನಾಮಪತ್ರ ಹಾಕೋಕೆ ಹೊರಟಿದ್ದರು. 'ಸೋಮವಾರ ನೋಡೋಣ ಸಾರ್' ಅಂದರಂತೆ, ಯಾವ ಸೋಮವಾರ ಅಂತ ಹೇಳಲಿಲ್ಲ.