ಅಪ್ಪ ನೆಟ್ಟ ಆಲದ ಮರಕ್ಕೆ ಉಯ್ಯಾಲೆ

ಸ್ವಾಭಿಮಾನ ಅಂದರೆ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ್ದು ಕಣ್ರೀ. ಹಳೇ ವಿದ್ಯಾರ್ಥಿಗಳ, ದಾನಿಗಳ ಮಕ್ಕಳಿಗೆ ಸೀಟು ಕೊಡುವಾಗ ಮಣೆ ಹಾಕಬೇಡಿ ಅಂತ ಅಲ್ಲಿನ ಕ್ಯಾಲಿಫೋರ್ನಿಯಾ ರಾಜ್ಯ ಕಾನೂನು ತಂದರೆ, ಅವರು 2025ರಲ್ಲಿ ಸರ್ಕಾರದ ವಿದ್ಯಾರ್ಥಿವೇತನವನ್ನೇ ಬಿಟ್ಟರು, ಮಣೆ ಬಿಡಲಿಲ್ಲ. ಕಾನೂನು ಮುರಿದವರಿಗೆ ಶಿಕ್ಷೆ ಏನು ಗೊತ್ತಲ್ಲ? ಸರ್ಕಾರಿ ವೆಬ್‌ಸೈಟಿನಲ್ಲಿ ಕಾಲೇಜಿನ ಹೆಸರು ಹಾಕುತ್ತಾರಂತೆ. ಕರೆಂಟ್ ಬಿಲ್ ಬಾಕಿ ಇದ್ದರೆ ನಮ್ಮ ಲೈನ್‌ಮ್ಯಾನ್ ಕೂಡ ಫ್ಯೂಸ್ ಕಿತ್ತುಕೊಂಡು ಹೋಗುತ್ತಾನೆ, ಹೆಸರು ಬರೆದುಕೊಂಡು ಹೋಗಲ್ಲ.

ಅಪ್ಪ ನೆಟ್ಟ ಆಲದ ಮರ ಅಂತ ಅದಕ್ಕೇ ನೇಣು ಹಾಕಿಕೊಳ್ಳಬೇಡ ಅಂದರು ನಮ್ಮ ಹಿರಿಯರು. ಪಾಪ, ಉಯ್ಯಾಲೆ ಕಟ್ಟಬಹುದು ಅಂತ ಅವರಿಗೆ ಹೊಳೆಯಲೇ ಇಲ್ಲ. ಸೀಟು ಹಂಚಿಕೆ ಬಗ್ಗೆ ಹಾರ್ವರ್ಡ್ ವಿಶ್ವವಿದ್ಯಾಲಯದ ಮೇಲೆ ಹೂಡಿದ ಮೊಕದ್ದಮೆಯಲ್ಲಿ ಹೊರಬಿದ್ದ ಆರು ವರ್ಷದ ಲೆಕ್ಕದ ಪ್ರಕಾರ ಹಳೇ ವಿದ್ಯಾರ್ಥಿಗಳ ಮಕ್ಕಳಲ್ಲಿ ಮೂವರಿಗೊಬ್ಬರಂತೆ ಸೀಟು. ಉಳಿದವರಲ್ಲಿ ನೂರಕ್ಕೆ ಆರು ಮಂದಿಗೆ!

ನಮ್ಮಲ್ಲಿ ಕ್ಯಾಪಿಟೇಶನ್ ಫೀ ನಿಷೇಧಿಸಿ 1984ರಲ್ಲೇ ಕಾನೂನಾಯಿತು. ಹೆಸರು ಹೋಯಿತು, ದುಡ್ಡು ಹೋಗಲಿಲ್ಲ. ಆದರೆ ನಾವು ಹಳ್ಳಿ ಗುಗ್ಗುಗಳು, ಡೊನೇಶನ್ ಕೊಟ್ಟು ರಸೀದಿ ಇಲ್ಲದೆ ಬರುತ್ತೇವೆ. ಅಲ್ಲಿ ರಸೀದಿಯನ್ನು ಕಟ್ಟಡದ ಕಲ್ಲಿನ ಮೇಲೆ ಕೆತ್ತುತ್ತಾರೆ, ತೆರಿಗೆ ವಿನಾಯಿತಿ ಬೇರೆ.

ಕಟ್ಟಡ ಕಟ್ಟಿಸುವಷ್ಟು ಗತಿ ಇಲ್ಲದ ಬಡ ಕೋಟ್ಯಧಿಪತಿಗಳ ಪಾಡು ನೋಡಿ. 2019ರಲ್ಲಿ ಬಯಲಾದ ಅಮೆರಿಕದ ಕಾಲೇಜು ಸೀಟಿನ ಲಂಚ ಹಗರಣದಲ್ಲಿ ಒಬ್ಬ ಅಪ್ಪ, ಮಗನಿಗೆ ಆಟಗಾರ ಅಂತ ಸೀಟು ಸಿಗಲಿ ಎಂದು ಆನ್‌ಲೈನಲ್ಲಿ ವಾಟರ್ ಪೋಲೋ ಚೆಂಡು, ಟೋಪಿ ತರಿಸಿ, ಮಗನನ್ನು ಮನೆಯ ಈಜುಕೊಳದಲ್ಲಿ ನಿಲ್ಲಿಸಿ ಫೋಟೋ ಹೊಡೆದ. ಡಿಸೈನರ್ ಕೈಲಿ ಅದನ್ನು ನಿಜವಾದ ಪಂದ್ಯದ ಹಾಗೆ ತಿದ್ದಿಸಿದ. ಹುಡುಗ ಆ ಆಟ ಆಡಿದವನೇ ಅಲ್ಲ. ಅಪ್ಪ ಜೈಲಿಗೆ ಹೋದ. ಮುಂಬಾಗಿಲಲ್ಲೇ ನಾಲ್ಕು ಸೊನ್ನೆ ಜಾಸ್ತಿ ಬರೆದಿದ್ದರೆ ಸನ್ಮಾನ ಆಗುತ್ತಿತ್ತು, ಶಾಲು ಹೊದಿಸಿ.

ಹಳೇ ವಿದ್ಯಾರ್ಥಿಗಳ ಮಕ್ಕಳಿಗೆ ಮಣೆ ಹಾಕುವ ಈ ಪದ್ಧತಿ ಬಲಿತದ್ದು 1920ರ ದಶಕದಲ್ಲಿ, ಚೆನ್ನಾಗಿ ಓದಿ ಒಳಗೆ ಬರುತ್ತಿದ್ದ ಯಹೂದಿ ಹುಡುಗರನ್ನು ಹೊರಗಿಡಲು. ಅದನ್ನೇ ಈಗ 'ಪರಂಪರೆ' ಅನ್ನುತ್ತಾರೆ. 2023ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಕಾಲೇಜು ಸೀಟಿನಲ್ಲಿ ಕಪ್ಪು ಮಕ್ಕಳಿಗಿದ್ದ ಸಣ್ಣ ಆಸರೆಯನ್ನು ಕಿತ್ತಿತು. ಅಪ್ಪನ ಹೆಸರಿನ ಆಸರೆಯನ್ನು ಮುಟ್ಟಲಿಲ್ಲ. ಥೂ, ಸಾಕಾಗಿದೆ ನನಗೆ. ಮೀಸಲಾತಿ ಅಂದ ಕೂಡಲೇ ಮೂಗು ಮುರಿಯುವವರಿಗೆ ಈ ಮೀಸಲಾತಿ ಮಾತ್ರ ಕಣ್ಣಿಗೇ ಬೀಳಲ್ಲ.

ತೀರ್ಪು ಬಂದ ದಿನ ಅಮೆರಿಕದಲ್ಲಿರುವ ನಮ್ಮ ಪೈಕಿಯವರೊಬ್ಬರು 'ಕೊನೆಗೂ ಮೆರಿಟ್ ಗೆದ್ದಿತು' ಅಂತ ಮೆಸೇಜ್ ಹಾಕಿದ್ದರು. ಮೊನ್ನೆ ಫೋನ್ ಮಾಡಿದ್ದರು. ಮಗಳು ಈಗ ಒಂಬತ್ತನೇ ಕ್ಲಾಸು. ತಾವು ಎಂಎಸ್ ಮಾಡಿದ ಕಾಲೇಜಿಗೆ ಈ ವರ್ಷದಿಂದ ಚಂದಾ ಕಳಿಸಲು ಶುರು ಮಾಡಿದ್ದಾರಂತೆ, ಕೃತಜ್ಞತೆಯಿಂದ.