ಯೂಚಿಗಳ ಹಸಿರು ಜೋಳದ ಆಚರಣೆ ಸುಗ್ಗಿ ಹಬ್ಬವಲ್ಲ
ಅಮೆರಿಕದ ಮೂಲನಿವಾಸಿ ಬುಡಕಟ್ಟಾದ ಯೂಚಿಗಳ ಬಗೆಗಿನ ಲೇಖನ ಚೆನ್ನಾಗಿದೆ, ಆದರೆ ಅವರ ಆಚರಣೆಯನ್ನು ‘ಹಸಿರು ಜೋಳದ ಸುಗ್ಗಿ ಹಬ್ಬ’ ಅಂದಿದ್ದು ಸರಿಯಲ್ಲ. ಇದು ಬೇಸಿಗೆಯಲ್ಲಿ ಮೆಕ್ಕೆಜೋಳದ ತೆನೆ ಇನ್ನೂ ಎಳೆಯದಾಗಿರುವಾಗ ನಡೆಯುವ ಶುದ್ಧೀಕರಣ. ಗಂಡಸರು ಉಪವಾಸವಿದ್ದು, ಕೈಕಾಲಿನ ಚರ್ಮ ಗೀರಿಸಿಕೊಂಡು, ಬೇರಿನ ಕಷಾಯ ಕುಡಿದು ವಾಂತಿ ಮಾಡುತ್ತಾರೆ. ಇದು ಮುಗಿಯದೆ ಹೊಸ ಜೋಳ ಮುಟ್ಟುವಂತಿಲ್ಲ. ಹೆಂಗಸರದು ರಿಬ್ಬನ್ ಕುಣಿತ. ರಾತ್ರಿ ಕಾಲು ಕುಟ್ಟುತ್ತ ಕುಣಿಯುವ ಸ್ಟಾಂಪ್ ಡಾನ್ಸಿನಲ್ಲಿ ಬೆಂಕಿಯ ಸುತ್ತ ಅಪ್ರದಕ್ಷಿಣವಾಗಿ ಸುತ್ತುತ್ತಾರೆ. ಮುಂದಾಳು ಕೂಗಿದ್ದಕ್ಕೆ ಹಿಂದಿನ ಗಂಡಸರು ಓಗೊಡುತ್ತಾರೆ. ಡೋಲು ಇರುವುದಿಲ್ಲ, ತಾಳವೆಲ್ಲ ಹೆಂಗಸರ ಕಾಲಿಗೆ ಕಟ್ಟಿದ, ಒಳಗೆ ಕಲ್ಲು ತುಂಬಿದ ಆಮೆಚಿಪ್ಪುಗಳದು. ಈಗ ಹಾಲಿನ ಡಬ್ಬಗಳನ್ನೂ ಕಟ್ಟುತ್ತಾರೆ. ಗೆಜ್ಜೆಯವರು ಬರದಿದ್ದರೆ ಗಂಡಸರ ಕೂಗಿಗೆ ಕಾಲೇ ಇಲ್ಲ!

ಯೂಚಿಗಳು ‘ಕ್ರೀಕ್‌ಗಳ (ಮಸ್ಕೋಗಿ ಎಂಬ ಇನ್ನೊಂದು ಬುಡಕಟ್ಟಿನವರ) ಒಂದು ಪಂಗಡ’ ಎಂದು ಲೇಖನ ಅನ್ನುವುದೂ ಅರ್ಧ ಸತ್ಯ. ಒಕ್ಲಹೋಮಾದ ಯೂಚಿಗಳಿಗೆ ಅಮೆರಿಕದ ಕೇಂದ್ರ ಸರ್ಕಾರದ ಪ್ರತ್ಯೇಕ ಮಾನ್ಯತೆ ಇಲ್ಲ, ಹೆಚ್ಚಿನವರ ಹೆಸರು ಕ್ರೀಕ್‌ಗಳ ಮಸ್ಕೋಗಿ ನೇಷನ್ನಿನ ಸದಸ್ಯರ ಪಟ್ಟಿಯಲ್ಲಿದೆ. ಆದರೆ ಅವರ ಭಾಷೆಗೆ ನಂಟಿನ ಭಾಷೆಯೇ ಇಲ್ಲ. ಅದರ ವ್ಯಾಕರಣದಲ್ಲೇ ಯೂಚಿ ಮನುಷ್ಯನಿಗೆ ಒಂದು ಪ್ರತ್ಯಯ, ಹೊರಗಿನವನಿಗೆ ಬೇರೊಂದು. ಪೋಲ್‌ಕ್ಯಾಟ್, ಡಕ್ ಕ್ರೀಕ್, ಸ್ಯಾಂಡ್ ಕ್ರೀಕ್ ಎಂಬ 3 ಆಚರಣೆಯ ಮೈದಾನಗಳೂ ಅವರವೇ.