ಕ್ಯಾಪಿಟಲ್ ಅಕ್ಷರ ನಂಬಿದರೆ ಹುಡುಗರು ಕೆಡುತ್ತಾರೆ

ಇಂಗ್ಲಿಷ್ ವ್ಯಾಕರಣದಲ್ಲಿ ಪ್ರಾಪರ್ ನೌನ್ (ಒಬ್ಬರಿಗೆ ಅಥವಾ ಒಂದಕ್ಕೇ ಇಟ್ಟ ಹೆಸರು) ಗುರುತಿಸೋದರ ಬಗ್ಗೆ 'ಕ್ಯಾಪಿಟಲ್ ಅಕ್ಷರ ಕಂಡರೆ ಅದು ಪ್ರಾಪರ್ ನೌನ್, ಮಕ್ಕಳಿಗೆ ಇಷ್ಟು ಹೇಳಿದರೆ ಸಾಕು' ಅಂತ ಬರೆದಿದ್ದೀರಿ. ಸಾಕಾಗಲ್ಲ ಸರ್. ಧಾರವಾಡದಲ್ಲಿ ನನ್ನ ಹತ್ತಿರ ಟ್ಯೂಷನ್‌ಗೆ ಬರುವ ಹುಡುಗರು 'ಮ್ಯಾಂಗೋಸ್ ಆರ್ ಸ್ವೀಟ್' ಅಂತ ಕೊಟ್ಟರೆ ಮ್ಯಾಂಗೋಸ್ ಕೆಳಗೆ ಗೆರೆ ಎಳೆದು ಪ್ರಾಪರ್ ನೌನ್ ಅಂತ ಬರೆಯುತ್ತಾರೆ. ವಾಕ್ಯದ ಮೊದಲ ಪದ, ಕ್ಯಾಪಿಟಲ್ ಇದೆಯಲ್ಲ! 'ಐ' ಕೂಡ ಕ್ಯಾಪಿಟಲ್ಲೇ, ಆದರೆ ಸರ್ವನಾಮ. ಇಂಡಿಯನ್ ಅನ್ನೋದು ವಿಶೇಷಣವಾಗಿ ಬಂದಾಗಲೂ ಅಷ್ಟೇ, ಕ್ಯಾಪಿಟಲ್ ಇದ್ದರೂ ಪ್ರಾಪರ್ ನೌನ್ ಅಲ್ಲ.

ಮೊದಲು ಅರ್ಥ ಕೇಳಬೇಕು. ಲೇಕ್ ಅಂದರೆ ಯಾವ ಕೆರೆಯೂ ಆಗಬಹುದು, ಉಣಕಲ್ ಲೇಕ್ ಅಂದರೆ ಹುಬ್ಬಳ್ಳಿಯದೊಂದೇ. ಅಲ್ಲಿ ಲೇಕ್‌ಗೂ ಕ್ಯಾಪಿಟಲ್ ಯಾಕೆ ಅಂತ ಆಮೇಲೆ ತಾನೇ ಹೊಳೆಯುತ್ತದೆ. ಕನ್ನಡದಲ್ಲಂತೂ ಕ್ಯಾಪಿಟಲ್ಲೇ ಇಲ್ಲ. ಅದೇ ಹುಡುಗರು ಕನ್ನಡದ ರೂಢನಾಮ (ಕಾಮನ್ ನೌನ್), ಅಂಕಿತನಾಮ (ಪ್ರಾಪರ್ ನೌನ್) ಸಲೀಸಾಗಿ ಬೇರೆ ಮಾಡುತ್ತಾರೆ, ಅಲ್ವಾ?